ಮಾರುವ ಕೆಲಸಕ್ಕೂ ಮರ್ಯಾದೆ ಇದೆ



ನಮ್ಮ ಕಡೆ ಮದುವೆ ಮಾತುಕತೆ ನಡೆಯುವಾಗ ‘ಹುಡುಗ ಏನ್ ಮಾಡ್ತಾನ್ರಿ?’ ಎಂಬ ಪ್ರಶ್ನೆಗೆ ‘ನೀರಾವರಿ ಇಲಾಖೆಯೊಳಗ ಎಂಜಿನಿಯರ್ ಇದ್ದಾನ’ ಎಂಬ ಉತ್ತರ ಬಂದರೆ ಎಲ್ಲರ ಮುಖ ಅರಳುತ್ತದೆ. ‘ಬೆಂಗಳೂರಾಗ ಸಾಫ್ಟ್‌ವೇರ್’ ಎಂದರೂ ನಡೆಯುತ್ತದೆ. ‘ಮಾರ್ಕೆಟಿಂಗ್‌ನಾಗ ಇದ್ದಾನ’ ಎಂದರೆ ಮಾತ್ರ ಮಾತು ಅಲ್ಲಿಗೇ ನಿಲ್ಲುತ್ತದೆ. ಬೇರೆ ಕಡೆ ಎಲ್ಲೂ ಆಗಲಿಲ್ಲವೇನೋ ಎಂಬ ಅನುಮಾನ ಹಿರಿಯರ ಕಣ್ಣಲ್ಲಿ ಕಾಣುತ್ತದೆ. ಸುಳ್ಳು ಹೇಳಿ ಹೊಟ್ಟೆ ಹೊರೆಯುವ ಕೆಲಸ ಎಂದು ಕೆಲವರು ಬಾಯಿಬಿಟ್ಟೇ ಹೇಳುತ್ತಾರೆ.

ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಎಂಜಿನಿಯರ್ ಆಗಿ ದುಡಿದು, ಈಗ ತಿಂಗಳಿಗೆ ಸರಿಯಾಗಿ ಪಿಂಚಣಿ ಪಡೆಯುತ್ತಿರುವ ನಾನು ಈ ಅಭಿಪ್ರಾಯವನ್ನು ವಿರೋಧಿಸಿ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೂ ಬರೆಯಲೇಬೇಕಾದ ಕಾಲ ಬಂದಿದೆ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸಂಜೆ ಹೊತ್ತು ಅಡ್ಡಾಡಿ ನೋಡಿರಿ. ಬಿ.ಇ. ಮುಗಿಸಿದ ಮಕ್ಕಳು ಬಾಡಿಗೆ ಕೋಣೆಯಲ್ಲಿ ಕುಳಿತು ಮೂರನೆಯ ಸಲ, ನಾಲ್ಕನೆಯ ಸಲ ಅದೇ ಪರೀಕ್ಷೆಗೆ ಓದುತ್ತಿದ್ದಾರೆ. ಹುದ್ದೆಗಳು ಬೆರಳೆಣಿಕೆಯಷ್ಟು, ಅರ್ಜಿ ಹಾಕುವವರು ಲೆಕ್ಕವಿಲ್ಲದಷ್ಟು. ಪರೀಕ್ಷೆ ಮುಂದೂಡುತ್ತದೆ, ಫಲಿತಾಂಶ ನ್ಯಾಯಾಲಯದ ಮೆಟ್ಟಿಲೇರುತ್ತದೆ, ಅಷ್ಟರಲ್ಲಿ ವಯೋಮಿತಿ ಮೀರುತ್ತದೆ. ಹೊಲ ಅಡವಿಟ್ಟು ದುಡ್ಡು ಕಳಿಸುವ ತಂದೆ ಹಳ್ಳಿಯಲ್ಲಿ ಕಾಯುತ್ತಿರುತ್ತಾನೆ. ಇದೇ ಮಕ್ಕಳಲ್ಲಿ ಎಷ್ಟೋ ಜನ ಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ಗಟ್ಟಿ, ಜನರೊಡನೆ ಬೆರೆಯುವುದರಲ್ಲಿ ಮುಂದು. ಅವರಿಗೆ ಒಪ್ಪುವ ಒಂದು ದಾರಿಯನ್ನು ಮನೆಯವರೇ ‘ಅದು ನಮ್ಮಂಥವರಿಗಲ್ಲ’ ಎಂದು ಮುಚ್ಚಿಬಿಡುತ್ತಿದ್ದಾರೆ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಹುಬ್ಬಳ್ಳಿ, ಗದಗ, ದಾವಣಗೆರೆ, ರಾಣೇಬೆನ್ನೂರು, ಬೈಲಹೊಂಗಲದ ಪೇಟೆಗಳಲ್ಲಿ ಕಿರಾಣಿ, ಬಟ್ಟೆ, ದಲಾಲಿ ಅಂಗಡಿ ನಡೆಸಿ ಊರಿಗೆ ಊರನ್ನೇ ಕಟ್ಟಿದವರು ನಮ್ಮ ಹಿರಿಯರೇ. ಅವರ ದುಡಿಮೆಯಿಂದ ಶಾಲೆ, ಕಾಲೇಜು, ಪ್ರಸಾದ ನಿಲಯಗಳು ಎದ್ದವು. ಅಂಥ ಶಾಲೆಯಲ್ಲಿ ಕಲಿತ ಮೊಮ್ಮಕ್ಕಳಿಗೆ ಇಂದು ‘ಮಾರುವುದು’ ಎಂಬ ಮಾತೇ ಕೀಳಾಗಿ ಕೇಳಿಸುತ್ತದೆ.

ಮೊದಲು ಮಾರ್ಕೆಟಿಂಗ್ ಎಂದರೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಇದ್ದ ಮಾಲನ್ನು ಮಾರಿ ಹಣ ತರುವುದು ಮಾರಾಟ. ಜನರಿಗೆ ಏನು ಬೇಕು, ಯಾವ ಬೆಲೆಗೆ ಬೇಕು, ಎಲ್ಲಿ ಸಿಗಬೇಕು, ಅವರಿಗೆ ಹೇಗೆ ತಿಳಿಸಬೇಕು ಎಂದು ಮೊದಲೇ ಅರಿತು, ಅದಕ್ಕೆ ತಕ್ಕ ಮಾಲು ತಯಾರಾಗುವಂತೆ ನೋಡಿಕೊಳ್ಳುವುದು ಮಾರ್ಕೆಟಿಂಗ್. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಲೆವೆಲ್ ತೆಗೆಯದೆ ಯಾರೂ ಕಾಲುವೆ ತೋಡುವುದಿಲ್ಲ. ನೀರು ಯಾವ ಕಡೆ ಹರಿಯುತ್ತದೆ, ಮಣ್ಣು ಎಂಥದು, ಕೊನೆಯ ಹೊಲಕ್ಕೆ ಎಷ್ಟು ಮುಟ್ಟುತ್ತದೆ ಎಂದು ಸರ್ವೆ ಮಾಡಿದ ಮೇಲೆ ನಕ್ಷೆ. ಮಾರ್ಕೆಟಿಂಗ್ ಮ್ಯಾನೇಜರನ ಕೆಲಸವೂ ಇದೇ. ಅವನ ಸರ್ವೆ ನಡೆಯುವುದು ಜನರ ನಡುವೆ, ಅಷ್ಟೇ ವ್ಯತ್ಯಾಸ.

ಇದಕ್ಕೆ ನಮ್ಮ ನಾಡಿನಲ್ಲೇ ಕಣ್ಣೆದುರು ನಡೆದ ಒಂದು ಉದಾಹರಣೆ ಇದೆ. ನನ್ನ ವಯಸ್ಸಿನವರೆಲ್ಲ ಎಚ್‌ಎಂಟಿ ಗಡಿಯಾರ ಬಲ್ಲವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಆ ಗಡಿಯಾರ ಒಂದು ಕಾಲದಲ್ಲಿ ದೇಶದ ಹೆಮ್ಮೆ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಳಿಯನಿಗೆ ಎಚ್‌ಎಂಟಿ ಕೊಡುವುದು ಮದುವೆಯ ಪದ್ಧತಿಯೇ ಆಗಿತ್ತು. ಮಾಲು ಗಟ್ಟಿ, ಕಾರಿಗರು ನಿಪುಣರು. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರವನ್ನೂ ಎಚ್‌ಎಂಟಿ 1980ರ ದಶಕದ ಆರಂಭದಲ್ಲೇ ತಯಾರಿಸಿತ್ತು.

1984ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಟೈಟಾನ್ ಕಂಪನಿ ಕಟ್ಟಿದವು. ಕಾರ್ಖಾನೆ ನಮ್ಮ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ. ಜೆರ್ಕ್ಸಸ್ ದೇಸಾಯಿ ಅದರ ಮುಂದಾಳು. ಅವರು ಕಂಡುಕೊಂಡ ಸಂಗತಿ ಬಹಳ ಸರಳ: ಜನ ಗಡಿಯಾರ ಕೊಳ್ಳುವುದು ಹೊತ್ತು ನೋಡಲು ಮಾತ್ರವಲ್ಲ, ಕೈಗೆ ಚೆಂದ ಕಾಣಲಿ, ಪ್ರೀತಿಯವರಿಗೆ ಕಾಣಿಕೆ ಕೊಡಲು ಆಗಲಿ ಎಂದು ಕೂಡ. ಕ್ವಾರ್ಟ್ಜ್ ಗಡಿಯಾರಕ್ಕೆ ಒತ್ತುಕೊಟ್ಟರು. ಹಲವು ವಿನ್ಯಾಸ ತಂದರು. ಗಾಜಿನ ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಡಿಯಾರಕ್ಕೆ ಬೆಳಕಿನ ಮಳಿಗೆಗಳನ್ನು ಕಟ್ಟಿದರು. ಮೊಜಾರ್ಟನ 25ನೆಯ ಸಿಂಫನಿಯ ತುಣುಕೊಂದನ್ನು ಜಾಹೀರಾತಿಗೆ ಬಳಸಿದರು. ಮೊಜಾರ್ಟನ ಹೆಸರು ಕೇಳದ ನಮ್ಮ ಹಳ್ಳಿಯ ಹುಡುಗರೂ ಟಿ.ವಿ. ನೋಡಿ ಆ ರಾಗ ಗುನುಗುತ್ತಿದ್ದರು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಸಂಸ್ಥೆ ಸೋತದ್ದಕ್ಕೆ ಕಾರಣಗಳು ಹಲವು, ಎಲ್ಲವನ್ನೂ ಅಲ್ಲಿ ದುಡಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ತಂತ್ರಜ್ಞಾನ ಇಲ್ಲದೆ ಸೋತರು ಎಂದು ಯಾರೂ ಹೇಳಲಾರರು. ಕಾರ್ಖಾನೆಗೂ ಕೊಳ್ಳುವವನಿಗೂ ನಡುವೆ ಸೇತುವೆ ಕಟ್ಟುವವರು ಬೇಕಿತ್ತು. ಒಳ್ಳೆಯ ಮಾಲು ತಾನೇ ಮಾರಾಟವಾಗುತ್ತದೆ ಎಂಬುದು ನಮ್ಮಂಥ ಎಂಜಿನಿಯರುಗಳ ಹಳೆಯ ನಂಬಿಕೆ. ಸಾವಿರಾರು ಕುಟುಂಬಗಳ ಅನ್ನ ಹೋಗುವುದನ್ನು ಆ ನಂಬಿಕೆ ತಡೆಯಲಿಲ್ಲ.

ಟೈಟಾನ್ ಕಟ್ಟಿದವರಲ್ಲಿ ಒಬ್ಬರಾದ ಭಾಸ್ಕರ್ ಭಟ್ ಅವರ ವೃತ್ತಿಜೀವನವನ್ನು ನಮ್ಮ ಯುವಕರು ಗಮನಿಸಬೇಕು. ಮದ್ರಾಸಿನ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಆಮೇಲೆ ಅಹಮದಾಬಾದಿನ ಐಐಎಂ. ಮೊದಲು ಗೋದ್ರೆಜ್ ಕಂಪನಿಯಲ್ಲಿ ಕೆಲಸ. 1983ರಲ್ಲಿ, ಟೈಟಾನ್ ಎಂಬ ಹೆಸರೂ ಹುಟ್ಟುವ ಮೊದಲು, ಟಾಟಾ ಅವರ ಗಡಿಯಾರ ಯೋಜನೆಗೆ ಸೇರಿದರು. ಮಾರಾಟ, ಮಾರ್ಕೆಟಿಂಗ್‌ಗಳಲ್ಲೇ ವರ್ಷಗಟ್ಟಲೆ ದುಡಿದು 2002ರಲ್ಲಿ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾದರು, 2019ರವರೆಗೆ ಆ ಹುದ್ದೆಯಲ್ಲಿದ್ದರು. ಸೇರಿದ ದಿನದಿಂದ ತುದಿ ಮುಟ್ಟಲು ಸುಮಾರು ಹತ್ತೊಂಬತ್ತು ವರ್ಷ! ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸಿ ಸಂಬಳ ಏರಿಸಿಕೊಳ್ಳುವುದೇ ಯಶಸ್ಸು ಎಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇದೇ ಕಂಪನಿ 1990ರ ದಶಕದ ಮಧ್ಯದಲ್ಲಿ ತನಿಷ್ಕ್ ಹೆಸರಿನಲ್ಲಿ ಒಡವೆ ವ್ಯಾಪಾರಕ್ಕೆ ಇಳಿಯಿತು. ಮೊದಲು ಮಾಡಿದ್ದು 18 ಕ್ಯಾರಟ್ಟಿನ ಒಡವೆ. 22 ಕ್ಯಾರಟ್ಟನ್ನೇ ಚಿನ್ನವೆಂದು ನಂಬಿದ ನಮ್ಮ ತಾಯಂದಿರು ಅದನ್ನು ಒಪ್ಪಲಿಲ್ಲ. ಕಂಪನಿ ನಷ್ಟ ಕಂಡಿತು. ಆಗ ಅವರು ಮಾಡಿದ್ದು ಇನ್ನಷ್ಟು ಜಾಹೀರಾತಲ್ಲ. ಮೊದಲು ಜನ ಕೇಳುವ 22 ಕ್ಯಾರಟ್ ಮಾಲು ತಂದರು. ನಂತರ ಕ್ಯಾರಟ್‌ಮೀಟರ್ ಎಂಬ ಯಂತ್ರವನ್ನು ಅಂಗಡಿಯಲ್ಲೇ ಇಟ್ಟರು. ಒಡವೆಯನ್ನು ಕರಗಿಸದೆ, ಉಜ್ಜದೆ, ಎಕ್ಸ್‌ರೇ ಕಿರಣದಿಂದ ಕೆಲವೇ ನಿಮಿಷದಲ್ಲಿ ಅದರಲ್ಲಿ ಎಷ್ಟು ಚಿನ್ನ ಇದೆ ಎಂದು ಅದು ಹೇಳುತ್ತದೆ. ‘ನಿಮ್ಮ ಹಳೆಯ ಒಡವೆ ತನ್ನಿ, ನೀವೇ ನೋಡಿಕೊಳ್ಳಿ’ ಎಂದರು. 22 ಕ್ಯಾರಟ್ ಎಂದು ಕೊಂಡದ್ದು ಅಷ್ಟಿಲ್ಲ ಎಂದು ಎಷ್ಟೋ ಮನೆಯವರಿಗೆ ಮೊದಲ ಸಲ ಗೊತ್ತಾಯಿತು. ನಂಬಿಕೆ ಅಲ್ಲಿಂದ ಬೆಳೆಯಿತು. ಎಂಜಿನಿಯರಾಗಿ ನನಗೆ ಇದು ತುಂಬ ಹಿಡಿಸಿದ ಸಂಗತಿ. ಅಳತೆ ಮಾಡುವ ಒಂದು ಯಂತ್ರವೇ ಎಲ್ಲ ಜಾಹೀರಾತಿಗಿಂತ ದೊಡ್ಡ ಜಾಹೀರಾತಾಯಿತು.

ಮಾರ್ಕೆಟಿಂಗ್ ಎಂದರೆ ಸುಳ್ಳು ಎನ್ನುವವರಿಗೆ ನನ್ನ ಉತ್ತರ ಇಲ್ಲೇ ಇದೆ. ಸುಳ್ಳು ಹೇಳಿ ಮಾರುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ಈ ವೃತ್ತಿಯಲ್ಲಿ ಬಹಳ ದೂರ ಹೋಗುವುದಿಲ್ಲ. ನಾನು ಮೇಜಿನ ಈಚೆ ಬದಿ ಕುಳಿತು ಇದನ್ನು ಕಂಡವನು. ಪೈಪು, ಪಂಪು, ಸಿಮೆಂಟು, ಮೋಟಾರು ಮಾರುವ ಹುಡುಗರು ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಕಚೇರಿಗೆ ಬರುತ್ತಿದ್ದರು. ನಮ್ಮ ವಿಭಾಗದ ಒಂದು ಏತ ನೀರಾವರಿ ಕೆಲಸಕ್ಕೆ ಪಂಪಿನ ವಿಚಾರಣೆ ನಡೆದಾಗ ಇಬ್ಬರು ಬಂದಿದ್ದರು. ಒಬ್ಬ, ‘ಸರ್, ಯಾವ ಹೆಡ್ಡಿಗೂ ನಮ್ಮ ಪಂಪು ನಡೀತದ’ ಎಂದ. ಇನ್ನೊಬ್ಬ ನಕ್ಷೆ ಬಿಡಿಸಿಕೊಂಡು, ಹೊಳೆಯ ನೀರಿನ ಮಟ್ಟ ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ ಎಂದು ಕೇಳಿ, ಅರ್ಧ ತಾಸು ಲೆಕ್ಕ ಹಾಕಿ, ‘ಸರ್, ನೀರು ಇಷ್ಟು ಕೆಳಗ ಇಳಿದರ ನಮ್ಮ ಈ ಮಾಡೆಲ್ ಬ್ಯಾಡ. ನಮ್ಮಲ್ಲಿ ಬೇರೆ ಮಾಡೆಲ್ ಇಲ್ಲ. ಬೇರೆ ಕಂಪನಿಯವರನ್ನ ಕೇಳ್ರಿ’ ಎಂದ. ಆ ಕೆಲಸ ಅವನಿಗೆ ಸಿಗಲಿಲ್ಲ. ಅಂಥದೇ ಇನ್ನೊಂದು ಕಡೆ ‘ಯಾವ ಹೆಡ್ಡಿಗೂ ನಡೀತದ’ ಎಂದು ಮಾರಿದ ಪಂಪಿನ ಇಂಪೆಲ್ಲರ್ ಎರಡು ಬೇಸಿಗೆಯಲ್ಲಿ ತಿಂದುಹೋಗಿ, ರೈತರ ಬೆಳೆ ಒಣಗಿತು. ಮುಂದೆ ನಮ್ಮ ವಿಭಾಗದಲ್ಲಿ ಪಂಪಿನ ವಿಷಯ ಬಂದಾಗಲೆಲ್ಲ ‘ಆ ಇಲ್ಲ ಎಂದ ಹುಡುಗನನ್ನು ಕೇಳೋಣ’ ಎನ್ನುವುದು ರೂಢಿಯಾಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಆತ ದಕ್ಷಿಣ ಭಾರತಕ್ಕೆಲ್ಲ ಮಾರ್ಕೆಟಿಂಗ್ ಮ್ಯಾನೇಜರ್ ಆಗಿದ್ದ.

ನುಲಿಯ ಚಂದಯ್ಯನವರ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಹಗ್ಗಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಹಣ ಬಂದಾಗ ಅದು ತಮ್ಮದಲ್ಲವೆಂದು ಅವರು ಒಪ್ಪಲಿಲ್ಲ. ಆ ಕಥೆಯಲ್ಲಿ ಮಾರುವುದಕ್ಕೆ ನಾಚಿಕೆ ಇಲ್ಲ, ಸಲ್ಲದ ಬೆಲೆಗೆ ಮಾತ್ರ ನಾಚಿಕೆ ಇದೆ. ನಮ್ಮ ಮಕ್ಕಳಿಗೆ ಈ ವೃತ್ತಿಯ ನೀತಿಪಾಠ ಬೇರೆ ಕಡೆ ಹುಡುಕಬೇಕಾಗಿಲ್ಲ.

ಈಗ ದಾರಿಯ ವಿಚಾರ. ಎಂಬಿಎ ಮುಗಿಸಿದ ಕೂಡಲೇ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಜಾಹೀರಾತು ಆರಿಸುವುದು ಮಾರ್ಕೆಟಿಂಗ್ ಎಂದು ಕೆಲವು ಮಕ್ಕಳು ತಿಳಿದಿದ್ದಾರೆ. ಹಾಗಿಲ್ಲ. ಹೆಚ್ಚಿನವರು ಶುರು ಮಾಡುವುದು ಬೀದಿಯಲ್ಲಿ. ಮೊದಲು ಒಂದು ತಾಲೂಕೋ ಜಿಲ್ಲೆಯೋ ನೋಡಿಕೊಳ್ಳುವ ಸೇಲ್ಸ್ ಆಫೀಸರ್, ಆಮೇಲೆ ನಾಲ್ಕಾರು ಜಿಲ್ಲೆಗೆ ಏರಿಯಾ ಮ್ಯಾನೇಜರ್, ನಂತರ ಒಂದು ಮಾಲಿನ ಹೊಣೆ ಹೊರುವ ಪ್ರಾಡಕ್ಟ್ ಅಥವಾ ಬ್ರ್ಯಾಂಡ್ ಮ್ಯಾನೇಜರ್, ಅಲ್ಲಿಂದ ಮಾರ್ಕೆಟಿಂಗ್ ಮ್ಯಾನೇಜರ್. ಹಿಂದೂಸ್ತಾನ್ ಲೀವರ್‌ನಂಥ ದೊಡ್ಡ ಕಂಪನಿಯೇ ತಾನು ಆರಿಸಿದ ತರುಣರನ್ನು ಉತ್ತರ ಪ್ರದೇಶದ ಎಟಾ ಜಿಲ್ಲೆಯ ಹಳ್ಳಿಗಳಿಗೆ ಕಳಿಸಿ ಅಲ್ಲಿಯ ಜನರ ಮನೆಯಲ್ಲಿ ಇರಿಸುತ್ತಿತ್ತು. ಸಾಬೂನು ಮಾರುವವನಿಗೆ ಹಳ್ಳಿಯ ಬಾವಿಕಟ್ಟೆ ಗೊತ್ತಿರಬೇಕು ಎಂಬುದು ಅವರ ಲೆಕ್ಕ. ಹಳ್ಳಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಆ ಪಾಠ ಹುಟ್ಟಿನಿಂದಲೇ ಬಂದಿದೆ. ಅದು ಎಷ್ಟು ದೊಡ್ಡ ಆಸ್ತಿ ಎಂಬುದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಭಾಷೆಯ ಭಯವೂ ಬೇಡ. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗಾವಿಯ ಹುಡುಗನಿಗೆ ಮರಾಠಿ ಬರುತ್ತದೆ, ಬಳ್ಳಾರಿಯವನಿಗೆ ತೆಲುಗು, ಕಲಬುರಗಿಯವನಿಗೆ ಹಿಂದಿ, ಉರ್ದು. ಅಂಗಡಿಯವನ ಮನಸ್ಸು ತೆರೆಯುವುದು ಅವನ ಭಾಷೆಯಲ್ಲಿ. ಎಂಜಿನಿಯರಿಂಗ್ ಓದಿದವರು ಯಂತ್ರ, ವಿದ್ಯುತ್ ಉಪಕರಣ, ಕೃಷಿ ಸಲಕರಣೆ ಮಾರುವ ಕಂಪನಿಗಳಲ್ಲಿ ಶುರು ಮಾಡಿದರೆ ಓದಿದ್ದೂ ವ್ಯರ್ಥವಾಗುವುದಿಲ್ಲ. ಎರಡು ಮೂರು ವರ್ಷ ಹೀಗೆ ತಿರುಗಿದ ಮೇಲೆ ಎಂಬಿಎ ಮಾಡಿದರೆ ಪುಸ್ತಕದ ಪ್ರತಿ ಪುಟಕ್ಕೂ ಕಂಡ ಊರು, ಕಂಡ ಮುಖ ನೆನಪಾಗುತ್ತದೆ. ಬೆಂಗಳೂರಿನ ಐಐಎಂ ಆಗಲಿ, ಧಾರವಾಡದ ಕೌಸಾಳಿ ಸಂಸ್ಥೆಯಾಗಲಿ, ಓದುವವನಿಗೆ ಬಾಗಿಲು ತೆರೆದೇ ಇದೆ.

ಕಷ್ಟಗಳನ್ನೂ ಮುಚ್ಚಿಡುವುದು ಸರಿಯಲ್ಲ. ಈ ಕೆಲಸದಲ್ಲಿ ಪ್ರತಿ ತಿಂಗಳೂ ಪರೀಕ್ಷೆ. ಟಾರ್ಗೆಟ್ ಮುಟ್ಟದಿದ್ದರೆ ಮೇಲಿನವರ ಮಾತು ಕೇಳಬೇಕು. ತಿಂಗಳ ಕೊನೆಗೆ ದೊಡ್ಡ ಆಮಿಷ ಎದುರಾಗುತ್ತದೆ. ಒಬ್ಬ ಡಿಸ್ಟ್ರಿಬ್ಯೂಟರ್ ತಿಂಗಳಿಗೆ ನಿಜವಾಗಿ ಹತ್ತು ಲಕ್ಷದ ಮಾಲು ಮಾರುತ್ತಾನೆ ಎಂದಿಟ್ಟುಕೊಳ್ಳಿ. ಲೆಕ್ಕ ಚೆನ್ನಾಗಿ ಕಾಣಲೆಂದು ಅವನ ಗೋದಾಮಿಗೆ ಹದಿನೈದು ಲಕ್ಷದ ಮಾಲು ತುಂಬಿಸಿದರೆ ಈ ತಿಂಗಳು ಶಭಾಸ್‌ಗಿರಿ ಸಿಗುತ್ತದೆ. ಮುಂದಿನ ತಿಂಗಳು ಉಳಿದ ಐದು ಲಕ್ಷ ಮೊದಲು ಖಾಲಿಯಾಗಬೇಕು, ಆದ್ದರಿಂದ ಹೊಸದಾಗಿ ಐದೇ ಲಕ್ಷ ಹೋಗುತ್ತದೆ. ಅದನ್ನು ಮುಚ್ಚಲು ಮತ್ತೆ ತುಂಬಿಸುವುದು. ಕೊನೆಗೆ ಅವಧಿ ಮೀರಿದ ಮಾಲು ವಾಪಸ್ ಬರುತ್ತದೆ, ಬಾಕಿ ವಸೂಲಾಗುವುದಿಲ್ಲ, ನಂಬಿದ ಡಿಸ್ಟ್ರಿಬ್ಯೂಟರ್ ಮುಳುಗುತ್ತಾನೆ. ಗೋಡೆಯ ಬಿರುಕಿಗೆ ಸುಣ್ಣ ಬಳಿದಂತೆ ಇದು. ಬುನಾದಿ ಕುಸಿಯುತ್ತಿರುವಾಗ ಸುಣ್ಣ ಎಷ್ಟು ದಿನ ತಡೆದೀತು? ಮುಗ್ಧ ವೃದ್ಧರಿಗೆ ಠೇವಣಿ ಎಂದು ಹೇಳಿ ವಿಮೆ ಪಾಲಿಸಿ ಅಂಟಿಸುವುದೂ ಇದೇ ಜಾತಿಯ ಕೆಲಸ. ಇಂಥದಕ್ಕೆ ಒತ್ತಾಯಿಸುವ ಕಂಪನಿಯನ್ನು ಬಿಟ್ಟು ಬರುವ ಧೈರ್ಯ ಮಗನಿಗೆ ಬೇಕು. ಬಿಟ್ಟು ಬಂದ ಮಗನನ್ನು ‘ಕೆಲಸ ಕಳಕೊಂಡ’ ಎಂದು ಹಂಗಿಸದ ಮನೆಯೂ ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಬಿಗಿ. ಬ್ಯಾಂಕು, ಶಾಲೆ ಸರಿ, ಊರೂರು ತಿರುಗುವ ಕೆಲಸ ಬೇಡ ಎನ್ನುತ್ತೇವೆ. ಮನೆಗೆ ಯಾವ ಎಣ್ಣೆ, ಯಾವ ಸಾಬೂನು, ಯಾವ ಸೀರೆ ಬರಬೇಕೆಂದು ತೀರ್ಮಾನಿಸುವವರು ಹೆಣ್ಣುಮಕ್ಕಳು. ಆ ಮನಸ್ಸು ಬಲ್ಲವರೂ ಅವರೇ. ಅವರನ್ನು ಈ ವೃತ್ತಿಯಿಂದ ದೂರ ಇಡುವುದರಲ್ಲಿ ಯಾವ ವಿವೇಕವೂ ಇಲ್ಲ.

ಇದು ಬರೀ ನೌಕರಿಯ ಪ್ರಶ್ನೆಯೂ ಅಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಭೌಗೋಳಿಕ ಗುರುತಿನ ಮುದ್ರೆಯೂ ಅದಕ್ಕೆ ಇದೆ. ಆದರೆ ಬೆಳೆದ ರೈತ ಇಂದಿಗೂ ಚೀಲ ಹೊತ್ತು ಮಾರುಕಟ್ಟೆಗೆ ಬಂದು ಆ ದಿನದ ದರಕ್ಕೆ ಕೈಯೊಡ್ಡಿ ನಿಲ್ಲುತ್ತಾನೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಲಬುರಗಿಯ ತೊಗರಿಬೇಳೆ, ಇವಕ್ಕೂ ಮುದ್ರೆ ಇದೆ, ಮಾರುಕಟ್ಟೆ ಕಟ್ಟುವವರಿಲ್ಲ. ಖಣ ನೇಯುವ ಮಗ್ಗಗಳು ನಿಂತುಹೋಗುತ್ತಿರುವುದು ನೇಕಾರನ ಕೈ ಸೋತದ್ದರಿಂದಲ್ಲ. ನೂರು ವರ್ಷಕ್ಕೂ ಹಿಂದೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಕಿದರೆ ಭೂಮಿಗೆ ವಿಷವಾಗುತ್ತದೆಂದು ರೈತರು ಮುಟ್ಟಲಿಲ್ಲವಂತೆ. ನೇಗಿಲು ಎರಕ ಹೊಯ್ದದ್ದಕ್ಕಿಂತ ರೈತನ ಮನಸ್ಸು ಒಲಿಸಿದ್ದೇ ಅವರ ದೊಡ್ಡ ಕೆಲಸ. ಅದು ಆದ ಮೇಲೆಯೇ 1910ರ ಕಿರ್ಲೋಸ್ಕರವಾಡಿ.

ಕೊನೆಯದಾಗಿ ಮಠಗಳ ಪ್ರಸಾದ ನಿಲಯಗಳನ್ನು ನಡೆಸುವವರಲ್ಲಿ ಒಂದು ವಿನಂತಿ. ಅಲ್ಲಿ ಉಂಡು ಓದುವ ಮಕ್ಕಳಿಗೆ ಐಎಎಸ್, ಕೆಎಎಸ್ ಅಧಿಕಾರಿಗಳಿಂದ ಉಪನ್ಯಾಸ ಕೊಡಿಸುತ್ತೀರಿ, ಒಳ್ಳೆಯದು. ವರ್ಷಕ್ಕೆ ಎರಡು ಸಲವಾದರೂ ಮಾರ್ಕೆಟಿಂಗ್‌ನಲ್ಲಿ ದುಡಿದು ಮೇಲೆ ಬಂದ ನಮ್ಮವರನ್ನೂ ಕರೆಸಿರಿ. ಇನ್ನೂ ಒಂದು ಮಾಡಬಹುದು. ಜಾತ್ರೆಯ ದಿನಗಳಲ್ಲಿ ಊರಿನ ಸ್ವಸಹಾಯ ಸಂಘದ ತಾಯಂದಿರು ಮಾಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನೇಕಾರರ ಖಣ ಇವನ್ನು ನಿಲಯದ ಮಕ್ಕಳ ಕೈಗೆ ಕೊಟ್ಟು ಮಳಿಗೆ ಹಾಕಿಸಿರಿ. ಯಾವುದು ಹೋಯಿತು, ಯಾವುದು ಉಳಿಯಿತು, ಏಕೆ ಉಳಿಯಿತು, ಕೊಂಡವರು ಏನು ಹೇಳಿದರು ಎಂದು ವಹಿಯಲ್ಲಿ ಬರೆಸಿರಿ. ಲಾಭ ತಾಯಂದಿರಿಗೆ ಹೋಗಲಿ, ಲೆಕ್ಕ ಮಕ್ಕಳಿಗೆ ಉಳಿಯಲಿ. ಐದು ದಿನದ ಆ ವಹಿ ಎಷ್ಟೋ ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಸುತ್ತದೆ.

ಮತ್ತು ಮನೆಯ ಹಿರಿಯರೇ, ಮುಂದಿನ ಸಲ ವರನ ಕೆಲಸ ಮಾರ್ಕೆಟಿಂಗ್ ಎಂದು ಕೇಳಿದಾಗ ‘ಪರ್ಮನೆಂಟ್ ಐತೇನ್ರಿ?’ ಎಂದು ಕೇಳುವ ಬದಲು, ‘ಏನ್ ಮಾರ್ತೀಯಪ್ಪ? ಅದನ್ನ ನಿಮ್ಮ ಮನ್ಯಾಗ ಬಳಸ್ತೀರೇನು?’ ಎಂದು ಕೇಳಿರಿ. ಹೌದು ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳುವ ಹುಡುಗನಾದರೆ ಧೈರ್ಯವಾಗಿ ಮಗಳನ್ನು ಕೊಡಿರಿ.